ಬಿಳಿಯ ರಕ್ತಕಣಗಳ ಪರೀಕ್ಷೆಯಲ್ಲಿ ಯಂತ್ರದ ಎಚ್ಚರಿಕೆ: ಒಂದು ವಿಮರ್ಶೆ

ಬಿಳಿಯ ರಕ್ತಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸುವ ಪದ್ಧತಿಗೆ ಪಾಲ್ ಎರ್ಲಿಖರು 1879ರಲ್ಲಿ ಪ್ರಕಟಿಸಿದ ವರ್ಣಲೇಪನದ ವಿಧಾನವೇ ತಳಹದಿ. ಅಲ್ಲಿಂದ ಮುಂದೆ ಬಹುಕಾಲ ಸೂಕ್ಷ್ಮದರ್ಶಕದ ಮುಂದೆ ಕುಳಿತವನ ಕಣ್ಣೇ ಈ ಕಾರ್ಯಕ್ಕೆ ಸಾಧನವಾಗಿದ್ದಿತು. 1953ರಲ್ಲಿ ವ್ಯಾಲೇಸ್ ಕೌಲ್ಟರರಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತ ತತ್ತ್ವವು ಈ ಸ್ಥಿತಿಯನ್ನು ಬದಲಿಸಿತು. ಲವಣದ್ರಾವಣದಲ್ಲಿ ತೇಲುವ ಕಣವು ವಿದ್ಯುತ್ ಹರಿಯುತ್ತಿರುವ ಕಿರುರಂಧ್ರವನ್ನು ದಾಟುವಾಗ ವಿದ್ಯುತ್ತಿಗೆ ಒಂದು ಕ್ಷಣ ತಡೆಯುಂಟಾಗುತ್ತದೆ. ಇಂಥ ತಡೆಗಳ ಸಂಖ್ಯೆಯಿಂದ ಕಣಗಳ ಸಂಖ್ಯೆಯೂ, ತಡೆಯ ಪ್ರಮಾಣದಿಂದ ಕಣದ ಗಾತ್ರವೂ ತಿಳಿದುಬರುತ್ತವೆ. ಅನಂತರದ ಯಂತ್ರಗಳಲ್ಲಿ ಲೇಸರ್ ಬೆಳಕಿನ ಚದರಿಕೆ, ಪೆರಾಕ್ಸಿಡೇಸ್ ಕಿಣ್ವದ ವರ್ಣಕ್ರಿಯೆ, ನ್ಯೂಕ್ಲಿಯಿಕ್ ಆಮ್ಲಕ್ಕೆ ಅಂಟಿ ಹೊಳೆಯುವ ಬಣ್ಣ ಇವೂ ಬಳಕೆಗೆ ಬಂದವು.

ಇಷ್ಟಾದರೂ ಈ ಬಗೆಯ ಯಂತ್ರವು ಕಣದ ರೂಪವನ್ನು ಕಾಣುವುದಿಲ್ಲವೆಂಬುದನ್ನು ಮರೆಯಬಾರದು. ಪ್ರತಿಯೊಂದು ಕಣವೂ ಅದಕ್ಕೆ ನಕ್ಷೆಯ ಮೇಲಣ ಒಂದು ಚುಕ್ಕೆ. ಚುಕ್ಕೆಗಳು ಸಲ್ಲದ ಎಡೆಯಲ್ಲಿ ಗುಂಪುಗೂಡಿದರೆ ‘ಬ್ಲಾಸ್ಟ್ ಕಣಗಳಿರಬಹುದು’, ‘ವಿಲಕ್ಷಣ ಲಿಂಫೋಸೈಟ್‌ಗಳಿರಬಹುದು’ ಎಂಬಂಥ ಎಚ್ಚರಿಕೆಯನ್ನು ಅದು ಮುದ್ರಿಸುತ್ತದೆ. ಇದು ಸಂಶಯದ ಸೂಚನೆಯೇ ಹೊರತು ರೋಗನಿರ್ಣಯವಲ್ಲ. ಯಾವ ಸಂದರ್ಭದಲ್ಲಿ ರಕ್ತಲೇಪವನ್ನು ಕಣ್ಣಿನಿಂದ ನೋಡಲೇಬೇಕೆಂಬುದಕ್ಕೆ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು 2005ರಲ್ಲಿ 41 ನಿಯಮಗಳನ್ನು ಸಲಹೆಯ ರೂಪದಲ್ಲಿ ಪ್ರಕಟಿಸಿತು. ಅಲ್ಲಿಯವರೆಗೆ ಒಂದೊಂದು ಪ್ರಯೋಗಾಲಯ ಒಂದೊಂದು ರೂಢಿಯನ್ನು ಅನುಸರಿಸುತ್ತಿದ್ದ ಕ್ಷೇತ್ರದಲ್ಲಿ ಇದು ಸ್ತುತ್ಯವಾದ ಪ್ರಯತ್ನವೇ ಸರಿ. ಆದರೆ ಅದರ ಅಂಕಿಗಳನ್ನು ಓದುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

15 ಪ್ರಯೋಗಾಲಯಗಳ 13,298 ಮಾದರಿಗಳ ಮೇಲೆ ಈ ನಿಯಮಗಳನ್ನು ಪರೀಕ್ಷಿಸಲಾಯಿತು. ಶೇಕಡ 11.2ರಲ್ಲಿ ಎಚ್ಚರಿಕೆಯು ನಿಜವಾಯಿತು, ಶೇಕಡ 18.6ರಲ್ಲಿ ಹುಸಿಯಾಯಿತು, ಶೇಕಡ 67.3ರಲ್ಲಿ ಎಚ್ಚರಿಕೆಯೂ ಇರಲಿಲ್ಲ, ದೋಷವೂ ಇರಲಿಲ್ಲ; ಶೇಕಡ 2.9ರಲ್ಲಿ ದೋಷವಿದ್ದೂ ಎಚ್ಚರಿಕೆ ಬರಲಿಲ್ಲ. ಕೊನೆಯ ಸಂಖ್ಯೆ ಅಲ್ಪವೆಂದು ತೋರುವುದು ಸಹಜ. ಆದರೆ ಅದನ್ನು ಭಾಗಿಸಿರುವುದು ಎಲ್ಲ ಮಾದರಿಗಳ ಮೊತ್ತದಿಂದ. ದೋಷವುಳ್ಳ ಮಾದರಿಗಳು ಒಟ್ಟು ಶೇಕಡ 14.1 ಮಾತ್ರ, ಅವುಗಳಲ್ಲಿ 2.9 ತಪ್ಪಿಹೋದವೆಂದರೆ ಸುಮಾರು ಐದರಲ್ಲೊಂದು ತಪ್ಪಿಹೋದಂತಾಯಿತು. ಅಂತೆಯೇ ಎಚ್ಚರಿಕೆ ಬಂದ ನೂರು ಮಾದರಿಗಳಲ್ಲಿ ಸುಮಾರು 38ರಲ್ಲಿ ಮಾತ್ರ ದೋಷವು ಕಂಡಿತು. ಅಂಕಿಗಳು ಅವೇ, ಭಾಜಕವು ಬದಲಾದೊಡನೆ ತೀರ್ಪೂ ಬದಲಾಗುತ್ತದೆ.

ಎರಡನೆಯದಾಗಿ, ‘ದೋಷ’ವೆಂಬ ಒಂದೇ ಹೆಸರಿನಡಿಯಲ್ಲಿ ಅಸಮಾನವಾದ ಸಂಗತಿಗಳು ಸೇರಿಕೊಂಡಿವೆ. ಒಂದು ಬ್ಲಾಸ್ಟ್ ಕಣ ಕಂಡರೂ ದೋಷವೇ; ಎರಡಕ್ಕಿಂತ ಹೆಚ್ಚು ಮೆಟಾಮೈಲೋಸೈಟ್ ಕಂಡರೂ ದೋಷವೇ; ಕೆಂಪು ಕಣಗಳ ಆಕಾರದ ವಿಕಾರವೂ ದೋಷವೇ. ಸಾಧಾರಣ ಸೋಂಕಿನಲ್ಲಿಯೂ ಕಾಣಬಹುದಾದ ಮೆಟಾಮೈಲೋಸೈಟ್ ತಪ್ಪಿದರೆ ಆಗುವ ಹಾನಿ ಅಲ್ಪ. ಬ್ಲಾಸ್ಟ್ ತಪ್ಪಿದರೆ ಲ್ಯೂಕೀಮಿಯಾ ರೋಗಿಯೊಬ್ಬನು ಚಿಕಿತ್ಸೆಯಿಲ್ಲದೆ ಮನೆಗೆ ಮರಳಬಹುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಸರಾಸರಿಯಿಂದ ವೈದ್ಯನಿಗೆ ದೊರೆಯುವ ಧೈರ್ಯ ಸ್ವಲ್ಪವೇ.

ಮೂರನೆಯ ಆಕ್ಷೇಪವು ಅಳತೆಗೋಲನ್ನೇ ಕುರಿತದ್ದು. ಯಂತ್ರದ ಸತ್ಯಾಸತ್ಯವನ್ನು ನಿರ್ಣಯಿಸುವುದು ರಕ್ತಲೇಪ. ಆದರೆ ದಿನನಿತ್ಯದ ಪರೀಕ್ಷೆಯಲ್ಲಿ ಎಣಿಸುವುದು ವಾಡಿಕೆಯಾಗಿ 100 ಕಣಗಳನ್ನು. ಬಿಳಿಯ ಕಣಗಳಲ್ಲಿ ನೂರಕ್ಕೊಂದು ಬ್ಲಾಸ್ಟ್ ಇರುವ ರಕ್ತದಲ್ಲಿ 100 ಕಣಗಳನ್ನೆಣಿಸಿದಾಗ ಒಂದೂ ಕಾಣದಿರುವ ಸಂಭವವು ಶೇಕಡ 37ರಷ್ಟು. 200 ಎಣಿಸಿದರೆ ಶೇಕಡ 13. 400 ಎಣಿಸಿದರೆ ಶೇಕಡ 2ಕ್ಕಿಂತ ಕಡಿಮೆ. ಇಬ್ಬರು ತಲಾ 200ರಂತೆ 400 ಕಣಗಳನ್ನು ಎಣಿಸಬೇಕೆಂದು 2007ರ ಅಮೆರಿಕದ ಪ್ರಮಾಣ ವಿಧಾನವು ವಿಧಿಸಿದುದು ಈ ಕಾರಣದಿಂದಲೇ ಸಮಂಜಸ. ಸಾವಿರಾರು ಕಣಗಳನ್ನು ಬಳಲದೆ ಅಳೆಯುವ ಯಂತ್ರಕ್ಕೆ ಈ ಕೊರತೆಯಿಲ್ಲ. ಕಣ್ಣಿನ ದೌರ್ಬಲ್ಯ ಸಂಖ್ಯೆಯಲ್ಲಿ. ಯಂತ್ರದ ದೌರ್ಬಲ್ಯ ಗುರುತಿಸುವುದರಲ್ಲಿ. ಒಂದನ್ನು ಮತ್ತೊಂದರ ನ್ಯಾಯಾಧಿಪತಿಯನ್ನಾಗಿ ಮಾಡುವುದಕ್ಕಿಂತ ಎರಡನ್ನೂ ಪರಸ್ಪರ ಪೂರಕ ಸಾಕ್ಷಿಗಳಾಗಿ ಪರಿಗಣಿಸುವುದು ಯುಕ್ತ.

ಹುಸಿ ಎಚ್ಚರಿಕೆಗೂ ಬೆಲೆ ತೆರಬೇಕಾಗುತ್ತದೆ. ನಮ್ಮಲ್ಲಿ ಡೆಂಗೆ ಜ್ವರವು ಹಬ್ಬಿದ ದಿನಗಳಲ್ಲಿ ವಿಲಕ್ಷಣ ಲಿಂಫೋಸೈಟ್‌ಗಳು ವಿಪುಲವಾಗಿ ಕಾಣಿಸಿಕೊಳ್ಳುತ್ತವೆ. ಇವು ಕೆಲವೊಮ್ಮೆ ಯಂತ್ರಕ್ಕೆ ಬ್ಲಾಸ್ಟ್‌ಗಳಂತೆ ತೋರುವುದುಂಟು. ರಕ್ತವನ್ನು ತೆಗೆದು ಬಹುಹೊತ್ತು ಇರಿಸಿದರೂ ಕಣಗಳು ಕೆಟ್ಟು ಅಂಥದೇ ಭ್ರಮೆ ಹುಟ್ಟಬಹುದು. ಪದೇಪದೇ ಹುಸಿಯಾಗುವ ಎಚ್ಚರಿಕೆಯನ್ನು ಕೆಲಸಗಾರನು ಕಡೆಗಣಿಸತೊಡಗಿದರೆ, ನಿಜವಾದುದೂ ಅವುಗಳೊಡನೆ ಕಡೆಗಣಿತವಾದೀತು.

ಆದುದರಿಂದ ಇಂಥ ನಿಯಮಾವಳಿಯನ್ನು ಸ್ವೀಕರಿಸುವ ಪ್ರಯೋಗಾಲಯವು ಮೊದಲು ತನ್ನಲ್ಲಿಗೆ ಬರುವ ಮಾದರಿಗಳ ಮೇಲೆ ಅದನ್ನು ಪರೀಕ್ಷಿಸಿ, ತಪ್ಪಿಹೋದವುಗಳ ಲೆಕ್ಕವನ್ನು ಕಣದ ಬಗೆಗನುಸಾರವಾಗಿ ಬೇರೆಬೇರೆಯಾಗಿ ಇಡಬೇಕು. ಯಂತ್ರ ಬಂದಿತೆಂಬ ಕಾರಣದಿಂದ ಕಾಲೇಜುಗಳಲ್ಲಿ ರಕ್ತಲೇಪದ ಅಭ್ಯಾಸವನ್ನು ಮೊಟಕುಗೊಳಿಸುವುದು ಸಲ್ಲದು. ಎಚ್ಚರಿಕೆ ಬಂದಾಗ ನೋಡಬಲ್ಲ ಕಣ್ಣು ಇಲ್ಲದಿದ್ದರೆ ಎಚ್ಚರಿಕೆಯಿಂದ ಪ್ರಯೋಜನವೇನು?