ಬರೆಯುವ ಕೈ, ತಾಳೆ ನೋಡುವ ಕಣ್ಣು

‘ಡೆತ್ ನೋಟ್’ ನೋಡಲು ನಾನು ಕೂತದ್ದು ಮಗಳ ಮೇಲೆ ಕಣ್ಣಿಡಲು. ವಾಷಿಂಗ್ಟನ್‌ನಲ್ಲಿ ಬೇಸಿಗೆಗೆ ನಡೆಯುವ ಒಟಾಕಾನ್ ಅನಿಮೆ ಮೇಳಕ್ಕೆ ಹೋಗಿ ಬಂದವಳು, ಸಾವಿನ ಹೆಸರಿನ ಈ ಜಪಾನಿ ಸರಣಿಗೆ ಅಂಟಿಕೊಂಡಿದ್ದಳು. 2006-07ರಲ್ಲಿ ಜಪಾನಿನಲ್ಲಿ ಬಂದ 37 ಕಂತುಗಳಿವು. 2007ರಲ್ಲೇ ಅಟ್ಲಾಂಟಾದಿಂದ ನಡೆಯುವ ಅಡಲ್ಟ್ ಸ್ವಿಮ್ ಇದನ್ನು ಅಮೆರಿಕದ ಮನೆಗಳಿಗೆ ತಂದಿತು.

ಲೈಟ್ ಯಾಗಮಿ ಓದಿನಲ್ಲಿ ಮೊದಲಿಗ, ಪೊಲೀಸ್ ಅಧಿಕಾರಿಯ ಮಗ. ಬೇಸರ ಕಳೆಯಲು ಸಾವಿನ ದೇವತೆಯೊಂದು ಬೀಳಿಸಿದ ಪುಸ್ತಕ ಅವನಿಗೆ ಸಿಗುತ್ತದೆ. ಮುಖ ನೆನೆದು ಹೆಸರು ಬರೆದರೆ 40 ಸೆಕೆಂಡಿನಲ್ಲಿ ಆ ಮನುಷ್ಯನ ಹೃದಯ ನಿಲ್ಲುತ್ತದೆ. ಮೊದಲು ಕೊಲೆಗಡುಕರ ಹೆಸರು; ಆಮೇಲೆ ತನ್ನನ್ನು ಹುಡುಕುವವರದು.

ಇಂಥ ಕತೆಗಳ ಸೆಳೆತ ರಕ್ತದ್ದು ಎಂದುಕೊಂಡಿದ್ದೆ. ಇಲ್ಲಿ ರಕ್ತವೇ ಕಡಿಮೆ. ಕೋಣೆಯಲ್ಲಿ ಗುಪ್ತ ಕ್ಯಾಮೆರಾಗಳಿವೆ. ಹುಡುಗ ಚಿಪ್ಸ್ ಪೊಟ್ಟಣದೊಳಗೆ ಪುಟ್ಟ ಟೀವಿ ಅಡಗಿಸಿಟ್ಟು, ಒಂದು ಕೈಯಲ್ಲಿ ಗಣಿತ ಬಿಡಿಸುತ್ತ ಇನ್ನೊಂದರಲ್ಲಿ ಹೆಸರು ಬರೆಯುತ್ತಾನೆ. ಅವನು ಸಿಕ್ಕಿಬೀಳದಿರಲಿ ಎಂದು ನಾನು ಉಸಿರು ಹಿಡಿದಿದ್ದೆ! ಸೆಳೆತ ಇರುವುದು ಅಲ್ಲಿ: ನೋಡುತ್ತ ನೋಡುತ್ತ ನಾವೂ ಅವನ ಕಡೆಯವರಾಗಿರುತ್ತೇವೆ.

ಸಿ.ಎ. ಓದುವಾಗ ಕಲಿತ ಪಾಠವೊಂದಿದೆ: ಲೆಕ್ಕ ಬರೆದವನೇ ಅದನ್ನು ತಾಳೆ ನೋಡಬಾರದು. ನಮ್ಮ ಚಿತ್ರಗುಪ್ತನೂ ಬರೆಯುವವನಷ್ಟೇ, ತೀರ್ಪು ಯಮನದು. ಲೈಟ್ ಎರಡನ್ನೂ ತಾನೇ ಇಟ್ಟುಕೊಳ್ಳುತ್ತಾನೆ. ತಾಳೆ ನೋಡಲು ಬಂದ ಪತ್ತೇದಾರ ‘ಎಲ್’ 25ನೆಯ ಕಂತಿನಲ್ಲಿ ಸಾಯುತ್ತಾನೆ. ಅಲ್ಲಿಂದ ಸರಣಿಯೂ ಸೊರಗುತ್ತದೆ. ಲೈಟ್‌ಗಾಗಿ ಪ್ರಾಣ ಬಿಡಲೂ ಸಿದ್ಧಳಾದ ಮಿಸಾಗೆ ಸ್ವಂತ ಮನಸ್ಸೊಂದನ್ನು ಕೊಡದಿರುವುದೂ ದೊಡ್ಡ ಕೊರತೆಯೇ.

ಇದಕ್ಕಿಂತ ಆಳವಾದದ್ದು 74 ಕಂತುಗಳ ‘ಮಾನ್‌ಸ್ಟರ್’. ಡಾಕ್ಟರ್ ತೆನ್ಮಾ ಮೇಯರನ್ನು ಬಿಟ್ಟು, ಮೊದಲು ಬಂದ ಬಾಲಕನ ಜೀವ ಉಳಿಸುತ್ತಾನೆ. ಆ ಬಾಲಕ ಬೆಳೆದು ಕೊಲೆಗಾರನಾದಾಗ, ಪಾಪವನ್ನು ತನ್ನ ಖಾತೆಗೇ ಬರೆದುಕೊಂಡು ಅಲೆಯುತ್ತಾನೆ. ಲೈಟ್ ಎಂದೂ ಬರೆಯದ ಹೆಸರು ತನ್ನದು.

ಕೊನೆಯ ಕಂತು ಮುಗಿದಾಗ ಮಗಳು ಕೇಳಿದಳು, “ಅಪ್ಪ, ಆ ಪುಸ್ತಕ ನಿಮಗೆ ಸಿಕ್ಕಿದ್ರೆ ಯಾರ ಹೆಸರು ಬರೀತಿದ್ರಿ?”

“ಛೆ, ಯಾರದ್ದೂ ಇಲ್ಲ” ಎಂದೆ. ಸುಳ್ಳು. ಊರಿನ ಜಮೀನಿನ ವ್ಯಾಜ್ಯದ ಹೆಸರೊಂದು ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ಮುಖ ಸಮೇತ.

ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿಡಲು ಕೂತವನು ನಾನು. ತಾಳೆ ನೋಡಿದವಳು ಅವಳು.