ಸೆರಗಿನ ಕೆಳಗಿನ ಮಾತು

ಭಾನುವಾರದ ಆರಾಧನೆಯಲ್ಲಿ ಹೆಂಗಸರು ತಲೆ ಮೇಲೆ ಸೆರಗು ಎಳ್ಕೊಳ್ಳೋದು ನಮ್ಮ ಚರ್ಚುಗಳಲ್ಲಿ ಎಷ್ಟು ಸಹಜ ಅಂದರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಜೀನ್ಸ್ ಹಾಕಿಕೊಂಡು ಬಂದವಳೂ ಪ್ರಾರ್ಥನೆ ಹೊತ್ತಿಗೆ ಬ್ಯಾಗಿನಿಂದ ದುಪಟ್ಟಾ ತೆಗೆಯುತ್ತಾಳೆ. ಕೇಳಿದರೆ ಉತ್ತರ ರೆಡಿ: ಪೌಲ ಹೇಳಿದ್ದಾನೆ.

ಪೌಲ ನಿಜಕ್ಕೂ ಏನು ಹೇಳಿದ್ದಾನೆ? ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯವನ್ನು ಒಂದೇ ಪಟ್ಟಿನಲ್ಲಿ ಓದಿ ನೋಡಿ. ಮುಸುಕಿಲ್ಲದೆ ಪ್ರಾರ್ಥಿಸುವವಳು ತನ್ನ ತಲೆಯನ್ನು ಅವಮಾನಪಡಿಸುತ್ತಾಳೆ ಅನ್ನುತ್ತಾನೆ. ಅದಕ್ಕೆ ಸೃಷ್ಟಿಯ ಕತೆ, ದೇವದೂತರು, ಪ್ರಕೃತಿ ಅಂತ ಒಂದರ ಮೇಲೊಂದು ಕಾರಣ. ನಡುವೆ ಗಂಡಿಲ್ಲದೆ ಹೆಣ್ಣಿಲ್ಲ, ಹೆಣ್ಣಿಲ್ಲದೆ ಗಂಡಿಲ್ಲ ಅಂತ ತಾನೇ ಸಡಿಲ ಬಿಡುತ್ತಾನೆ. 15ನೇ ವಚನಕ್ಕೆ ಬರುವಾಗ ಹೆಣ್ಣಿಗೆ ಕೂದಲೇ ಹೊದಿಕೆ ಅನ್ನುತ್ತಾನೆ. ಹಾಗಾದರೆ ಬಟ್ಟೆ ಯಾಕೆ? ಪಂಡಿತರು ಇವತ್ತಿಗೂ ಜಗಳಾಡುತ್ತಿದ್ದಾರೆ. ಇಷ್ಟೊಂದು ಕಾರಣ ಹುಡುಕುವವನ ಎದುರು ಯಾರೋ ವಾದ ಮಾಡುತ್ತಿದ್ದಿರಬೇಕು ಅಂತ ನನಗನ್ನಿಸುತ್ತದೆ. ಕೊರಿಂಥದ ಆ ಹೆಂಗಸರ ಮಾತು ಮಾತ್ರ ನಮ್ಮ ಕೈಗೆ ಸಿಕ್ಕಿಲ್ಲ.

ಇಲ್ಲಿ ನನಗೆ ಉಡುತಡಿ ನೆನಪಾಗುತ್ತದೆ. ಶಿಕಾರಿಪುರ ತಾಲೂಕಿನ ಈ ಊರನ್ನು ಅಕ್ಕಮಹಾದೇವಿ ಹುಟ್ಟಿದ ಊರೆಂದು ನಂಬುತ್ತೇವೆ. 12ನೇ ಶತಮಾನದಲ್ಲಿ ಬಟ್ಟೆ ಬಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಹೊರಟವಳು. ಪೌಲನ ಹೆಸರೇ ಕೇಳದೆ ಅವನ 15ನೇ ವಚನವನ್ನು ಅಕ್ಷರಶಃ ಪಾಲಿಸಿದವಳು ಅನ್ನಬಹುದು. ಆದರೂ ಬಿಡಲಿಲ್ಲ. ಸೀರೆ ಬಿಟ್ಟ ಮೇಲೆ ಕೂದಲಿನ ಮರೆ ಯಾಕೆ ಅಂತ ಶೂನ್ಯಸಂಪಾದನೆಯ ಅಲ್ಲಮ ಕೇಳುತ್ತಾನೆ. ಕೊರಿಂಥದಲ್ಲಿ ಮುಚ್ಚದಿದ್ದರೆ ತಪ್ಪು, ಕಲ್ಯಾಣದಲ್ಲಿ ಮುಚ್ಚಿದರೆ ಪ್ರಶ್ನೆ. ಎರಡೂ ಕಡೆ ಲೆಕ್ಕ ಒಪ್ಪಿಸಬೇಕಾದವಳು ಹೆಣ್ಣೇ.

ಆದರೆ ಅಕ್ಕನ ಉತ್ತರ ಉಳಿದಿದೆ. ಈ ಮರೆ ನನ್ನ ನಾಚಿಕೆಗಲ್ಲ, ನೋಡುವ ನಿಮಗೆ ನೋವಾಗದಿರಲಿ ಅಂತ. ಇದು ಅದರ ಸಾರ. ಶೂನ್ಯಸಂಪಾದನೆ ಸಂಕಲನಗೊಂಡಿದ್ದು 15ನೇ ಶತಮಾನದಲ್ಲಿ, ಅದೂ ಗಂಡಸರ ಕೈಯಲ್ಲಿ. ಹಾಗಾಗಿ ಸಂವಾದ ಹೀಗೇ ನಡೆಯಿತು ಅಂತ ಹಟ ಹಿಡಿಯಲಾರೆ. ಆದರೂ ಹೆಣ್ಣೊಬ್ಬಳು ತುಂಬಿದ ಸಭೆಯಲ್ಲಿ ಉತ್ತರ ಕೊಡುವ ದೃಶ್ಯವನ್ನು ಆ ಪರಂಪರೆ ಜತನ ಮಾಡಿತು.

ಪೌಲನ ಪತ್ರಿಕೆಯಲ್ಲೂ ಅಂಥದ್ದು ಅಡಗಿದೆ. ಹೆಂಗಸು ಪ್ರಾರ್ಥಿಸುವಾಗ, ಪ್ರವಾದಿಸುವಾಗ ಅಂತಲ್ಲವೇ ಅವನು ಹೇಳಿದ್ದು? ಅಂದರೆ ಅವಳು ಸಭೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದಳು. 14ನೇ ಅಧ್ಯಾಯದಲ್ಲಿ ಹೆಂಗಸರು ಸುಮ್ಮನಿರಲಿ ಅನ್ನುವ ಮಾತೂ ಇದೆ, ನಿಜ. ಎರಡನ್ನೂ ಓದಿದ ನಾವು ಮುಸುಕನ್ನೂ ಮೌನವನ್ನೂ ಆಯ್ದುಕೊಂಡೆವು, ಮಾತನ್ನು ಬಿಟ್ಟೆವು. 1947ರಲ್ಲಿ ಹುಟ್ಟಿದ ಸಿಎಸ್‌ಐ ಸಭೆಗೆ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಾ ಲಲಿತಾ ಬಂದದ್ದು 2013ರಲ್ಲಿ. ಕ್ಯಾಥೊಲಿಕರ 1917ರ ಕಾನೂನಿನಲ್ಲಿದ್ದ ತಲೆ ಮುಚ್ಚುವ ನಿಯಮ 1983ರ ಕಾನೂನಿನಲ್ಲಿ ಇಲ್ಲ. ಯಾಜಕ ದೀಕ್ಷೆ ಮಾತ್ರ ಇಂದಿಗೂ ಗಂಡಸರಿಗೇ.

ಸೆರಗು ಹೊದೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಅದು ತಲೆ ಮೇಲೆ ಬಿದ್ದ ಕೂಡಲೇ ಮನಸ್ಸು ಒಂದು ಕಡೆ ನಿಲ್ಲುತ್ತೆ ಅನ್ನುವವರನ್ನು ಬಲ್ಲೆ. 2022ರ ಹಿಜಾಬ್ ಗಲಾಟೆಯಲ್ಲಿ ನೋಡಿದೆವಲ್ಲ, ಬಲವಂತವಾಗಿ ಹೊದಿಸುವುದೂ ಬಿಚ್ಚಿಸುವುದೂ ಬೇರೆ ಬೇರೆ ಕೆಲಸವಲ್ಲ. ನನ್ನ ತಕರಾರು ಇಷ್ಟೇ: ತಲೆ ಮುಚ್ಚಿಕೋ ಅಂತ ಹುಡುಗಿಯೊಬ್ಬಳಿಗೆ ಸನ್ನೆ ಮಾಡುವ ಮೊದಲು ಆ ಅಧ್ಯಾಯವನ್ನು ಅವಳ ಕೈಗೇ ಕೊಡಿ. ಪ್ರಸಂಗ ಪೀಠದ ಮೇಲೆ ನಿಂತು, ಗಟ್ಟಿಯಾಗಿ ಓದಿ, ಅರ್ಥವನ್ನೂ ಅವಳೇ ಹೇಳಲಿ.