ಶಂಶಾಬಾದಿನ ಕೊಲೆ ಮತ್ತು ಸಾಕ್ಷ್ಯವಿಚಾರ

೨೦೧೯ರ ನವೆಂಬರ್ ೨೭ರ ರಾತ್ರಿ ಶಂಶಾಬಾದಿನ ಟೋಲ್ ಗೇಟಿನ ಬಳಿಯಿಂದ ಒಯ್ಯಲ್ಪಟ್ಟ ಪಶುವೈದ್ಯೆಯ ಕೊಲೆಯನ್ನು ಕುರಿತು ಹೈದರಾಬಾದಿನ ಬೀದಿಬೀದಿಯಲ್ಲಿ ವಾದ ನಡೆಯಿತು. ಡಿಸೆಂಬರ್ ೬ರ ನಸುಕಿನಲ್ಲಿ ನಾಲ್ವರು ಆಪಾದಿತರು ಗುಂಡಿಗೆ ಬಲಿಯಾದಾಗ ಪೊಲೀಸರ ಮೇಲೆ ಹೂ ಚೆಲ್ಲಿದವರುಂಟು. ತಪ್ಪೊಪ್ಪಿಗೆ ಇದ್ದಮೇಲೆ ಸಾಕ್ಷಿಯೇಕೆ ಎಂಬುದು ಇವರ ವಾದ. ಆದರೆ ಪೊಲೀಸರ ಮುಂದಣ ಒಪ್ಪಿಗೆಯು ಅಂದು ಜಾರಿಯಲ್ಲಿದ್ದ ೧೮೭೨ರ ಸಾಕ್ಷ್ಯ ಅಧಿನಿಯಮದ ೨೫ನೆಯ ಕಲಮಿನಂತೆ ಪ್ರಮಾಣವೇ ಅಲ್ಲ. ಅದರಿಂದ ಪತ್ತೆಯಾದ ವಸ್ತುವಿನ ಮಟ್ಟಿಗೆ ಮಾತ್ರ ೨೭ನೆಯ ಕಲಮು ಎಡೆಗೊಡುತ್ತಿದ್ದಿತು.

ಹಳೆಯ ಧರ್ಮಶಾಸ್ತ್ರವೂ ಇವರಿಗೆ ಒದಗದು. ಕಲ್ಯಾಣದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಸಾಮಾನ್ಯವಾಗಿ ಮೂವರಿಗೆ ಕಡಮೆಯಿಲ್ಲದ ಸಾಕ್ಷಿಗಳನ್ನು ಬೇಡುತ್ತದೆ. ಸಾಹಸ, ಕಳವುಗಳಲ್ಲಿ ಮಾತ್ರ ಯಾರಾದರೂ ಸಾಕ್ಷಿಯಾಗಬಹುದೆನ್ನುತ್ತದೆ. ಈ ಸಡಿಲಿಕೆ ಸಾಕ್ಷಿಯ ಯೋಗ್ಯತೆಗೆ ಸಂಬಂಧಿಸಿದ್ದು, ಕಾಣದವನನ್ನು ಕಂಡವನನ್ನಾಗಿಸುವುದಲ್ಲ. ಬೀದಿಯ ವಾದಿಗಳಿಗೆ ಇದ್ದ ಆಧಾರವಾದರೋ ಪೊಲೀಸರ ಹೇಳಿಕೆಯೊಂದೇ.

ಆ ಹೇಳಿಕೆಯಾದರೂ ನಿಂತಿತೆ? ಆಪಾದಿತರು ಆಯುಧ ಕಸಿದು ಗುಂಡು ಹಾರಿಸಿದರೆಂಬುದನ್ನು ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್ಪುರ್ಕರ್ ಆಯೋಗ ನಂಬಲಿಲ್ಲ. ೨೦೨೨ರ ಮೇ ತಿಂಗಳಲ್ಲಿ ಬಹಿರಂಗವಾದ ಅದರ ವರದಿಯು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿತೆಂದು ಹೇಳಿ, ಹತ್ತು ಮಂದಿ ಪೊಲೀಸರನ್ನು ಕೊಲೆಯ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತವಯಸ್ಕರೆಂಬುದು ಅದರ ಅಭಿಪ್ರಾಯ. ಪಶುವೈದ್ಯೆಯ ಕೊಲೆಯ ಸಾಕ್ಷ್ಯ ಮಾತ್ರ ಆ ನಾಲ್ವರ ವಿರುದ್ಧ ಯಾವ ನ್ಯಾಯಾಲಯದಲ್ಲೂ ಪರೀಕ್ಷೆಗೆ ಬರಲೇ ಇಲ್ಲ.